ಹರಿಹರದಿಂದ ಹಗ್ಗ ಕಟ್ಟಿ ಎಳೆಸಿದ ಕಾರು

ತಿಪ್ಪೇಶಣ್ಣ, ನನ್ನ ಕಾರಿನ ಗೇರ್‌ಬಾಕ್ಸ್ ಕೆಡಿಸಿದ್ದು ನೀವಲ್ಲ, ನಾನು. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮುಖ ನೋಡಿ ಸುಳ್ಳು ಹೇಳಿದೆ — ಆಮೇಲೆ ಆ ಸುಳ್ಳಿನ ಮೇಲೆ ಪತ್ರಿಕೆಯಲ್ಲಿ ವರದಿಯನ್ನೂ ಬರೆದೆ.

ಓದುವವರಿಗೆ ತಿಳಿಯಲೆಂದು ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ. ನನ್ನ ಹಳೆಯ ಆಟೊಮ್ಯಾಟಿಕ್ ಕಾರಿನ ಎಂಜಿನ್ ಹೋಗಿತ್ತು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ನಿಮ್ಮ ಗ್ಯಾರೇಜಿನಲ್ಲಿ ನೀವು ಬೇರೊಂದು ಕಾರಿನ ಎಂಜಿನ್ ತಂದು ಕೂರಿಸಿದಿರಿ. ಗೇರ್‌ಬಾಕ್ಸ್ ಮಾತ್ರ ಹಳೆಯದೇ ಉಳಿಯಿತು. ಕೀಲಿ ಕೊಡುವಾಗ ನಕ್ಕಿದ್ದಿರಿ.

“ಗೇರ್‌ಬಾಕ್ಸು ಹಳೇ ಅತ್ತೆ, ಎಂಜಿನ್ನು ಹೊಸಾ ಸೊಸೆ. ಹೊಂದ್ಕಳಾಕೆ ಸ್ವಲ್ಪ ಟೈಮ್ ಕೊಡ್ರಿ. ಎಲ್ಲಾರ ನಿಂತ್ರೆ ಹಗ್ಗ ಕಟ್ಟಿ ಎಳಿಸ್ಬ್ಯಾಡ್ರಿ ಮತ್ತೆ. ಎಂಜಿನ್ ತಿರುಗಿದ್ರೇನೇ ಗೇರ್‌ಬಾಕ್ಸಿನಾಗೆ ಆಯಿಲ್ ಓಡಾಡೋದು. ಬರೀ ಗಾಲಿ ತಿರುಗಿದ್ರೆ ಒಳಗೆಲ್ಲ ಸುಟ್ಟೋಗತೈತೆ.”

ಅದೇ ವಾರ ಒಂದು ಸಭೆಯ ವರದಿಗೆಂದು ಹರಿಹರಕ್ಕೆ ಹೋದೆ. ಹೆಡ್‌ಲೈಟ್ ಆರಿಸದೆ ಇಳಿದಿದ್ದೆ; ಮರಳಿ ಬಂದಾಗ ಬ್ಯಾಟರಿ ಸತ್ತಿತ್ತು. ಆಟೊಮ್ಯಾಟಿಕ್ ಕಾರು ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ. ಪರಿಚಯದ ಟೆಂಪೊದವನೊಬ್ಬ ದಾವಣಗೆರೆಗೆ ಹೊರಟಿದ್ದ. “ಎಳ್ಕಂಡ್ ಹೋಗ್ತೀನಿ, ಕೂಡ್ರಿ ಸಾರ್” ಎಂದ. ನಿಮ್ಮ ಮಾತು ಮರೆತಿತ್ತು ಎಂದರೆ — ಇಲ್ಲ, ನೆನಪಿತ್ತು. ನೆನಪಿದ್ದೇ ಕೂತೆ. ಎಸ್.ಎಸ್. ಬಡಾವಣೆಯ ಮನೆಯವರೆಗೂ ಹಗ್ಗದ ತುದಿಯಲ್ಲಿ ಬಂದೆ.

ಬ್ಯಾಟರಿ ಚಾರ್ಜ್ ಮಾಡಿಸಿದ ಮೇಲೆ ಕಾರೇನೋ ಓಡಿತು. ಆದರೆ ಎರಡರಿಂದ ಮೂರನೇ ಗೇರಿಗೆ ಬೀಳುವಾಗ ಎಂಜಿನ್ ಸುಮ್ಮನೆ ಅರಚಿಕೊಳ್ಳುತ್ತಿತ್ತು. ಮರುಕ್ಷಣ ಹಿಂದಿನಿಂದ ಯಾರೋ ಗುದ್ದಿದಂತೆ ಜರ್ಕ್. ನಿಮ್ಮಲ್ಲಿಗೆ ತಂದೆ. ನೀವು ಆಯಿಲ್ ಕಡ್ಡಿ ಎಳೆದು ಮೂಸಿದಿರಿ.

“ಸುಟ್ಟ ವಾಸ್ನೆ ಐತಲ್ರಿ. ಪೇಪರ್ ಸಾಹೇಬ್ರೆ, ಖರೇ ಹೇಳ್ರಿ, ಹಗ್ಗ ಕಟ್ಟಿ ಎಳಿಸಿದ್ರೇನು?”

“ಇಲ್ಲ.”

ನಮ್ಮ ಕಚೇರಿಯ ಇಬ್ಬರು ಜೊತೆಗಿದ್ದರು. ಅವರ ಮುಂದೆ ಪೆದ್ದನಾಗುವುದು ಬೇಡವಾಗಿತ್ತು — ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇಷ್ಟು ವರ್ಷ ಹುಡುಕಿದೆ, ಸಿಗಲಿಲ್ಲ.

“ನೀವು ಇಲ್ಲ ಅಂದ್ರೆ ಮುಗೀತು ಬಿಡ್ರಿ. ಹಂಗಾರೆ ತಪ್ಪು ನಂದೇ.”

ಅಲ್ಲಿಂದ ನೀವು ನಿಮ್ಮ ಕೆಲಸವನ್ನೇ ಅನುಮಾನಿಸತೊಡಗಿದಿರಿ. ಆಕ್ಸಿಲರೇಟರ್ ಪೆಡಲ್ ಎಷ್ಟು ಒತ್ತಲಾಗಿದೆ ಎಂಬುದನ್ನು ಹೊಸ ಎಂಜಿನ್ ಗೇರ್‌ಬಾಕ್ಸಿಗೆ ತಪ್ಪಾಗಿ ತಿಳಿಸುತ್ತಿರಬೇಕು, ಅದಕ್ಕೇ ಆಯಿಲಿನ ಒತ್ತಡ ಸಾಲದೆ ಒಳಗೆ ಸುಟ್ಟಿದೆ ಎಂದು ವೈರಿಂಗ್ ಪೂರ್ತಿ ಬಿಚ್ಚಿದಿರಿ. ಸೆನ್ಸರ್ ಬದಲಿಸಿದಿರಿ. ಎಂಜಿನ್ ಇಳಿಸಿ ಮತ್ತೆ ಏರಿಸಿದಿರಿ. ಇಲ್ಲದ ತಪ್ಪನ್ನು ನೀವು ಹುಡುಕುತ್ತಿದ್ದೀರೆಂದು ಗೊತ್ತಿದ್ದ ನಾನು, ನಿಮ್ಮದೇ ಸ್ಟೂಲಿನ ಮೇಲೆ ಕೂತು ನೀವು ತರಿಸಿದ ಚಹಾ ಕುಡಿಯುತ್ತಿದ್ದೆ. ಜರ್ಕ್ ಹೋಗಲಿಲ್ಲ. ಹೋಗುವುದು ಹೇಗೆ —

ಅದೂ ಸಾಲದೆಂದು ಬರೆದೆ. ಕಾರಿನ ಎಂಜಿನ್ ಬದಲಾಯಿಸಿಕೊಳ್ಳುವವರು ಎಚ್ಚರ ವಹಿಸಬೇಕು ಎಂಬ ವರದಿ. ಹೆಸರು ಹಾಕಲಿಲ್ಲ, ಕರೂರಿನ ಗ್ಯಾರೇಜ್ ಎಂದರೆ ಊರಿಗೆ ಸಾಕಿತ್ತು. ಬರೆದ ವಾಕ್ಯಗಳಲ್ಲಿ ಡೆಸ್ಕಿನವರಿಗೆ ತಿದ್ದಲು ಏನೂ ಸಿಗಲಿಲ್ಲ. ಒಂದು ವಾಕ್ಯ ಬಿಟ್ಟಿದ್ದೆ. ಗಿರಾಕಿಗಳು ಬರುವುದು ನಿಂತಿತು. ನೀವು ಬೋರ್ಡ್ ಇಳಿಸಿದಿರಿ.

ಮೊನ್ನೆ ಆವರಗೆರೆಯಲ್ಲಿ ನಿಮ್ಮನ್ನು ಕಂಡೆ. ಮಂಡಕ್ಕಿ ಮೂಟೆ ಸಾಗಿಸುವ ಆಟೊ ಓಡಿಸುತ್ತಿದ್ದೀರಿ. ರಸ್ತೆ ಬದಿ ಕೆಟ್ಟು ನಿಂತಿದ್ದ ಕಾರಿನವನು, “ಅಣ್ಣ, ಸ್ವಲ್ಪ ನೋಡ್ರಿ, ನಿಮಗೆ ಗೊತ್ತಾಗತೈತಂತೆ” ಎಂದು ಕರೆದ. ತೆರೆದ ಬಾನೆಟ್ಟಿನ ಕಡೆ ನೀವು ತಿರುಗಿಯೂ ನೋಡಲಿಲ್ಲ.

“ನನ್ ಕೈ ಸರಿ ಇಲ್ಲಪ್ಪ. ಬ್ಯಾರೆ ಯಾರಿಗಾರ ತೋರ್ಸು.”

ಆಮೇಲೆ ನನಗೆ ಹೇಳಿದಿರಿ: “ನಿಮ್ ಕಾರೂ ಹಾಳ್ ಮಾಡ್ದೆ. ಮನಸಿನಾಗೆ ಇಟ್ಕಬ್ಯಾಡ್ರಿ ಸಾಹೇಬ್ರೆ.”

“ಇರಲಿ ಬಿಡಿ, ತಿಪ್ಪೇಶಣ್ಣ” ಎಂದೆ.

ನಾನು ನಿಮ್ಮನ್ನು ಕ್ಷಮಿಸಿದೆ. ಅಷ್ಟಕ್ಕೇ ನಿಮ್ಮ ಮುಖ ಹಗುರವಾದದ್ದನ್ನೂ ನೋಡಿದೆ.

ಬಿಟ್ಟಿದ್ದ ವಾಕ್ಯ ಇದು: ಮೆಕ್ಯಾನಿಕ್ ಬೇಡವೆಂದಿದ್ದರೂ ಮಾಲೀಕ ಆ ಕಾರನ್ನು ಹರಿಹರದಿಂದ ಹಗ್ಗ ಕಟ್ಟಿ ಎಳೆಸಿಕೊಂಡು ಬಂದಿದ್ದ, ಆ ಮಾಲೀಕನೇ ಈ ವರದಿಗಾರ. ಈ ಬರಹ ಅಚ್ಚಾಗುವ ಮೊದಲು ನಿಮ್ಮ ಮನೆಗೆ ತಂದು ಓದುತ್ತೇನೆ. ಕೇಳಿದ ಮೇಲೆ ನೀವು ಮತ್ತೆ ಸ್ಪ್ಯಾನರ್ ಹಿಡಿಯುತ್ತೀರೆಂಬ ನಂಬಿಕೆ ನನಗಿಲ್ಲ.