ಸೀಮಂತದ ಹಾಲ್‌ಗೆ ಯಾವ ಬ್ರೌಸರ್?

ಗೆಳೆಯರೇ, ಮಗಳ ಸೀಮಂತಕ್ಕೆ ಮಾಟುಂಗದ ನಮ್ಮ ಸಂಘದ ಹಾಲ್‌ನಲ್ಲಿ ಉಳಿದಿದ್ದುದು ಒಂದೇ ಭಾನುವಾರ. ಇವತ್ತು ಸಂಘದ ವೆಬ್‌ಸೈಟ್ ತೆರೆದರೆ ನನ್ನ ಫೋನಿನಲ್ಲಿ ಬುಕಿಂಗ್ ಬಟನ್ನೇ ಕಾಣಲಿಲ್ಲ. ನೇರವಾಗಿ ಸಂಘದ ಕಾರ್ಯದರ್ಶಿ ಶೆಟ್ಟರ ಹೋಟೆಲಿಗೆ ಹೋದೆ.

"ನಿಮ್ಮ ಬ್ರೌಸರ್ ಬೇರೆ ಮಾರಾಯ್ರೆ. ಎಲ್ಲರ ಹತ್ರ ಇರುವುದನ್ನು ಹಾಕಿಕೊಳ್ಳಿ. ಸೈಟ್ ಅದಕ್ಕೇ ಮಾಡಿಸಿದ್ದು," ಎಂದರು.

ಊರ ಶಾಲೆಯಲ್ಲಿ ಮೇಷ್ಟರನ್ನೇ ಪ್ರಶ್ನೆ ಕೇಳಿ ಸುಸ್ತು ಮಾಡಿದವನು ನಾನು, ಬಿಡುತ್ತೇನೆಯೇ?

"ಸೈಟ್ ಯಾವ ಬ್ರೌಸರಿನಲ್ಲೂ ಸರಿಯಾಗಿ ಕಾಣಬೇಕು ಅಂತ ಎಲ್ಲದಕ್ಕೂ ಒಂದೇ ನಿಯಮ ಉಂಟಂತಲ್ಲ ಶೆಟ್ರೇ? ಇಂಥ ಕಂಪನಿಯ ಚಪ್ಪಲಿ ಹಾಕಿದವರಿಗೆ ಮಾತ್ರ ದೋಸೆ ಅಂತ ನೀವು ಬೋರ್ಡ್ ಹಾಕ್ತೀರಾ?"

ಶೆಟ್ಟರು ನಕ್ಕು, ತಾವೇ ಬುಕ್ ಮಾಡಿಕೊಡಲು ಮಗ ಕೊಡಿಸಿದ ಹೊಸ ಫೋನ್ ತೆಗೆದರು. ಅದರಲ್ಲೂ ಬಟನ್ ಇಲ್ಲ.

"ಇದರಲ್ಲಿ ಯಾವ ಬ್ರೌಸರ್ ಉಂಟೋ ನನಗೇ ಗೊತ್ತಿಲ್ಲ," ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರದ ಮೇಲೆ ನನ್ನ ಹೆಸರು ಬರೆದರು.

ಪೆನ್ನು ಯಾವ ಕಂಪನಿಯದೆಂದು ಕ್ಯಾಲೆಂಡರ್ ಕೇಳಲಿಲ್ಲ.