ರಟ್ಟಿನ ಪೆಟ್ಟಿಗೆಯಲ್ಲಿ ಮೊಗೆಕಾಯಿ

ಆಗ ನಮ್ಮ ಕೇರಿಯಲ್ಲಿ ಯಾವ ಪಾತ್ರೆಯೂ ಖಾಲಿಯಾಗಿ ತಿರುಗಿ ಹೋಗುತ್ತಿರಲಿಲ್ಲ. ಪಕ್ಕದ ಮನೆಯವರು ಒಂದು ತಟ್ಟೆ ಕಡುಬು ಕಳಿಸಿದರೆ ತಟ್ಟೆ ತೊಳೆದು, ಅದರಲ್ಲಿ ಏನಾದರೂ ಇಟ್ಟೇ ವಾಪಸು ಕೊಡಬೇಕು. ನಾಲ್ಕು ಬೆಂಡೆಕಾಯಿಯೋ, ಸಾರಿನ ಹುಳಿಗೆ ಒಂದು ಹಿಡಿ ಮುರುಗಲ ಸಿಪ್ಪೆಯೋ, ಅದೂ ಇಲ್ಲದ ದಿನ ಒಂದು ಚೂರು ಬೆಲ್ಲವೋ. ಬೆಲ್ಲವೂ ಮುಗಿದಿದ್ದರೆ ಅಂಗಳದ ದಾಸವಾಳ. ಕೊಂಡೊಯ್ಯುವ ಕೆಲಸ ನನ್ನದು. ದಾರಿಯಲ್ಲಿ ನಾನು ಬೆಲ್ಲವನ್ನು ಒಮ್ಮೆ ನೆಕ್ಕಿ ನೋಡುತ್ತೇನೆಂಬುದು ಕೇರಿಗೆಲ್ಲ ಗೊತ್ತಿತ್ತು.

ಮುರ್ಡೇಶ್ವರದಿಂದ ಒಳಗೆ, ಗದ್ದೆ ಬಯಲಿನ ಅಂಚಿನಲ್ಲಿತ್ತು ನಮ್ಮ ಶಾಲೆ. ಎರಡು ಕೋಣೆ, ಒಬ್ಬರೇ ಅಕ್ಕೋರು. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುವುದು. ನಾನು ಆಗ ನಾಲ್ಕನೆಯ ಇಯತ್ತೆ. ಗದ್ದೆಯಲ್ಲಿ ಶೇಂಗಾ ಕೀಳುವ ದಿನಗಳು, ಊರಿಗೆ ಊರೇ ಹಸಿ ಮಣ್ಣಿನ ವಾಸನೆ. ಎಲ್ಲರ ಕಿಸೆಯಲ್ಲೂ ಹಸಿ ಶೇಂಗಾ ಇರುತ್ತಿತ್ತು. ಮುಷ್ಟಿಯಲ್ಲಿ ಅಡಗಿಸಿ ‘ಸರಿಯೋ ಬೆಸವೋ’ ಆಡುವುದು, ಸೋತರೆ ಕೊಡುವುದು, ಗೆದ್ದರೆ ತಿನ್ನುವುದು.

ಒಂದು ಸಂಜೆ ಗಂಟೆ ಹೊಡೆಯುವ ಮೊದಲು ಅಕ್ಕೋರು ಹೇಳಿದರು: “ನಾಳೆ ಹೊನ್ನಾವರ ಪೇಟೆಯಿಂದ ದೊಡ್ಡ ಶಾಲೆಯ ಮಕ್ಳು ಬರ್ತಾರೆ. ಕೊಡೂದು ಹೇಂಗೆ ಅಂತ ಕಲೀತಾ ಇದ್ದಾರಂತೆ. ನಿಮಗೆಲ್ಲ ಎಂತೆಂತದೋ ತರ್ತಾರೆ. ತಲೆ ಬಾಚ್ಕಂಡು ಬನ್ನಿ.”

ಮನೆಗೆ ಓಡಿ ಬಂದು ಹೇಳಿದೆ. ಬಳ್ಳಿಯಿಂದ ಶೇಂಗಾ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಿದಳು.

“ಹಂಗಾರೆ ಅವ್ರಿಗೆ ಎಂತ ಕೊಟ್ ಕಳ್ಸೂದು?”

“ಅವ್ರೇ ಕೊಡೂದು, ಅಮ್ಮಾ. ನಾವು ತಕಣೂದು ಅಷ್ಟೇ.”

“ಅಷ್ಟೇ ಅಂದ್ರೆ? ಬಂದ ಮಕ್ಳನ್ನ ಬರೀ ಕೈಯಲ್ಲಿ ಕಳ್ಸೂಕೆ ಆಗ್ತದ್ಯನೆ?”

ಎಲ್ಲ ಮನೆಯಲ್ಲೂ ಇದೇ ಮಾತು ಆಗಿರಬೇಕು. ಮರುದಿನ ಬೆಳಿಗ್ಗೆ ಶಾಲೆಯ ಜಗುಲಿಯ ಮೇಲೆ ಮೊಗೆಕಾಯಿಯ, ಅಂದರೆ ಸಾಂಬಾರು ಸೌತೆಯ ರಾಶಿ, ಹರಿವೆಯ ಕಟ್ಟು, ಹಲಸಿನ ಹಪ್ಪಳ. ಅಮ್ಮ ಬೀಜಕ್ಕೆಂದು ಬಿಟ್ಟಿದ್ದ ದೊಡ್ಡ ಮೊಗೆಕಾಯಿಯನ್ನೇ ಕೊಟ್ಟು ಕಳಿಸಿದ್ದಳು. ಹಿಂದಿನ ಅಡುಗೆ ಕೋಣೆಯಲ್ಲಿ ಬಿಸಿಯೂಟದ ಪಾತ್ರೆಯಲ್ಲಿ ಉಪ್ಪು ಹಾಕಿದ ಶೇಂಗಾ ಕುದಿಯುತ್ತಿತ್ತು.

ವ್ಯಾನು ಬಂತು. ಬಣ್ಣದ ಕಾಗದ ಅಂಟಿಸಿದ ರಟ್ಟಿನ ಪೆಟ್ಟಿಗೆಗಳು, ಬೂಟು ಹಾಕಿದ ಮಕ್ಕಳು, ಒಬ್ಬರು ಮೇಡಂ. ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಅವರಲ್ಲೊಬ್ಬರು ಕೊಡುವುದು, ನಮ್ಮಲ್ಲೊಬ್ಬರು ತೆಗೆದುಕೊಳ್ಳುವುದು, ಒಂದು ಫೋಟೊ. ನನ್ನ ಪಕ್ಕದ ಗಣಪತಿಗೆ ಸಿಕ್ಕ ಅಂಗಿ ಮೊಣಕೈಗೇ ಮುಗಿದಿತ್ತು, ಆದರೂ ಹಾಕಿಕೊಂಡ. ನನ್ನ ಪಾಲಿಗೆ ಬಂದದ್ದು ನವಿಲಿನ ಚಿತ್ರದ ಪೆನ್ಸಿಲ್ ಡಬ್ಬ. ಅದನ್ನು ಹಿಡಿದಿದ್ದ ಹುಡುಗಿ ಬಿಡಲೇ ಇಲ್ಲ. ನಾನು ಎಳೆದೆ, ಅವಳೂ ಎಳೆದಳು.

“ಬಿಡು ಪುಟ್ಟಾ, ಇಲ್ಲದವರಿಗೆ ಕೊಡಬೇಕು,” ಅಂದರು ಮೇಡಂ.

ಆ ಮಾತು ಚುರುಕ್ಕೆಂದಿತು. ಇಲ್ಲದವರು ಅಂದರೆ ನಾವು ಎಂದು ಆ ಬೆಳಿಗ್ಗೆಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಹುಡುಗಿ ತುಟಿ ಕಚ್ಚಿಕೊಂಡು ಡಬ್ಬ ಬಿಟ್ಟಳು. ಫೋಟೊ ಹೊಡೆದರು.

ಎಲ್ಲ ಮುಗಿದ ಮೇಲೆ ಗಣಪತಿ ಖಾಲಿ ಪೆಟ್ಟಿಗೆಗಳಿಗೆ ಮೊಗೆಕಾಯಿ ತುಂಬತೊಡಗಿದ. ಮೇಡಂ ಓಡಿ ಬಂದರು. “ಅಯ್ಯೋ, ಬೇಡಪ್ಪಾ! ನಾವು ಕೊಡಲು ಬಂದವರು. ನಿಮ್ಮಿಂದ ತೆಗೆದುಕೊಂಡರೆ ನಮ್ಮ ಮಕ್ಕಳು ಏನು ಕಲಿತ ಹಾಗಾಯಿತು?” ಎನ್ನುತ್ತಾ ಒಂದೊಂದನ್ನೇ ತೆಗೆದು ನೆಲಕ್ಕಿಟ್ಟರು. ಶೇಂಗಾದ ಪಾತ್ರೆ ಬಂದಾಗ ಅದೂ ಬೇಡ, ಮಕ್ಕಳಿಗೆ ಹೊರಗಿನ ತಿಂಡಿ ಆಗುವುದಿಲ್ಲ ಅಂದರು.

ಅಮ್ಮನ ಬೀಜದ ಮೊಗೆಕಾಯಿ ಮಣ್ಣಿನಲ್ಲಿ ಉರುಳಿಕೊಂಡಿತ್ತು. ಅದನ್ನು ಎತ್ತಿ ಮಣ್ಣು ಒರೆಸಿದೆ. ಸೀದಾ ಹೋಗಿ ನವಿಲಿನ ಡಬ್ಬವನ್ನು ಪೆಟ್ಟಿಗೆಗೆ ಹಾಕಿದೆ.

“ಹಂಗಾರೆ ನಿಮ್ದೂ ನಮಗೆ ಬ್ಯಾಡ.”

ಗಣಪತಿ ಹೊಸ ಅಂಗಿ ಬಿಚ್ಚಿ ಡಬ್ಬದ ಮೇಲೆಸೆದ. ಆಮೇಲೆ ಒಬ್ಬೊಬ್ಬರೇ ಬಂದು ಚೀಲ, ಗೊಂಬೆ, ಫ್ರಾಕು ಎಲ್ಲ ಹಾಕಿದರು.

“ಎಷ್ಟು ಸೊಕ್ಕು ಈ ಮಕ್ಕಳಿಗೆ!” ಅಂದರು ಮೇಡಂ.

ಹೌದು, ಸೊಕ್ಕೇ. ಅದರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ.

ಅಲ್ಲಿಯವರೆಗೆ ಸೆರಗು ತಿರುವುತ್ತಾ ನಿಂತಿದ್ದ ಅಕ್ಕೋರು ಆಗ ಬಾಯಿ ಬಿಟ್ಟರು. “ನಮ್ಮಲ್ಲಿ ಕೊಟ್ಟೋರ ಪಾತ್ರೆ ಖಾಲಿ ಕಳ್ಸೂದಿಲ್ಲ, ಮೇಡಂ. ಕೊಡೂದಾದ್ರೆ ನಮ್ಮದೂ ತಕಣಿ. ಇಲ್ದಿದ್ರೆ ಎಲ್ಲಾ ವಾಪಸ್ ತಕಂಡೋಗಿ.”

ದೊಡ್ಡವರ ವಾದ ನಡೆಯುತ್ತಿರುವಾಗ ಆ ಹುಡುಗಿ ನನ್ನ ಹತ್ತಿರ ಬಂದು, ಪಾತ್ರೆಯಲ್ಲಿರುವುದು ಏನು ಎಂದು ಕೇಳಿದಳು. ತುದಿಯನ್ನು ಒತ್ತಿ ಬಿಡಿಸುವುದನ್ನು ತೋರಿಸಿಕೊಟ್ಟೆ. ಅವಳು ಜೋರಾಗಿ ಒತ್ತಿದಳು, ಉಪ್ಪುನೀರು ಬಿಳಿ ಅಂಗಿಯ ಮೇಲೆ ಚಿಮ್ಮಿತು. ನಕ್ಕಳು. ಇನ್ನೊಂದು ತೆಗೆದುಕೊಂಡಳು. ಅವಳ ಹಿಂದೆ ಉಳಿದವರೂ ಬಂದು ನಮ್ಮ ನಡುವೆ ಜಗುಲಿಯಲ್ಲಿ ಕುಳಿತರು. ಅವರನ್ನು ಎಬ್ಬಿಸುವುದು ಮೇಡಂ ಕೈಯಲ್ಲಾಗಲಿಲ್ಲ. ತಾವು ಮಾತ್ರ ವ್ಯಾನಿನ ಹತ್ತಿರವೇ ನಿಂತರು, ಒಂದು ಕಾಳನ್ನೂ ಮುಟ್ಟಲಿಲ್ಲ.

ಹೊರಡುವಾಗ ಹುಡುಗಿ ಪೆಟ್ಟಿಗೆಯಿಂದ ನವಿಲಿನ ಡಬ್ಬ ಹುಡುಕಿ ತಂದು ನನ್ನ ಕೈಗಿಟ್ಟಳು. ಈ ಸಲ ಯಾರೂ ‘ಬಿಡು’ ಅನ್ನಬೇಕಾಗಲಿಲ್ಲ. ಉಳಿದವೂ ಒಂದೊಂದಾಗಿ ನಮ್ಮವರ ಕೈಗೆ ಮರಳಿದವು, ಖಾಲಿಯಾದ ಪೆಟ್ಟಿಗೆಗಳಲ್ಲಿ ಮೊಗೆಕಾಯಿಗಳು ವ್ಯಾನು ಹತ್ತಿದವು.

ಈಗ ಆ ಶಾಲೆಗೆ ಮಕ್ಕಳಿಲ್ಲ, ಬೀಗ ಬಿದ್ದಿದೆ. ನಾನು ಕುಮಟಾದಲ್ಲಿದ್ದೇನೆ. ಪಕ್ಕದ ಮನೆಗೆ ಕಡುಬು ಕಳಿಸಿದರೆ ಸ್ಟೀಲ್ ಡಬ್ಬ ಫಳಫಳ ತೊಳೆದು ಬರುತ್ತದೆ, ಒಳಗೆ ಏನೂ ಇರುವುದಿಲ್ಲ. ಅವರು ನಮಗೆ ಕಳಿಸುವುದು ಬಿಸಾಡುವ ಪ್ಲಾಸ್ಟಿಕ್ ಡಬ್ಬದಲ್ಲಿ, ತಿರುಗಿ ಕೊಡುವ ರಗಳೆಯೇ ಬೇಡವೆಂದು. ಒಳ್ಳೆಯ ಜನ. ಆದರೂ ನನಗೆ ಆ ಖಾಲಿ ಡಬ್ಬ ಮುಚ್ಚಿಡುವಾಗ ದುಃಖವಾಗುತ್ತದೆ.

ನನ್ನ ಮಗಳು ಎರಡನೆಯ ತರಗತಿ. ಅವಳ ಶಾಲೆಯ ಮಕ್ಕಳು ನಾಳೆ ಇಡಗುಂಜಿ ಕಡೆಯ ಒಂದು ಹಳ್ಳಿ ಶಾಲೆಗೆ ಕೊಡಲು ಹೋಗುತ್ತಾರೆ. ಮೊಬೈಲಿಗೆ ಸಂದೇಶ ಬಂತು: ಮನೆಯಲ್ಲಿ ಬೇಡವಾದ ವಸ್ತು ಕಳಿಸಿ, ಅಲ್ಲಿ ಮಕ್ಕಳು ಏನನ್ನೂ ತಿನ್ನುವಂತಿಲ್ಲ, ತರುವಂತಿಲ್ಲ. ನಾನು ಹೋಗಿ ಜಗಳವಾಡಿದೆ. “ಸಣ್ಣ ಮಕ್ಕಳ ಪ್ರಾಜೆಕ್ಟು, ಎಂತಕೆ ಇಷ್ಟು ತಲೆಬಿಸಿ?” ಎಂದು ಟೀಚರು ನಕ್ಕರು. ಅಂದು ಸಾಲಿನಲ್ಲಿ ನಿಂತಿದ್ದ ನಾನೂ ಸಣ್ಣವಳೇ ಆಗಿದ್ದೆ.

ಮಗಳು ತನಗೆ ಬಹಳ ಇಷ್ಟವಾದ ಬಣ್ಣದ ಪೆನ್ಸಿಲುಗಳನ್ನೇ ಆರಿಸಿಕೊಂಡಿದ್ದಾಳೆ, ಸ್ವಲ್ಪ ಅತ್ತೂ ಇದ್ದಾಳೆ. ಅವನ್ನು ನಾನು ಸ್ಟೀಲ್ ಡಬ್ಬದಲ್ಲಿ ಹಾಕಿ ಕೊಟ್ಟೆ.

“ಕೇಳು. ಪೆನ್ಸಿಲ್ ಅವ್ರಿಗೆ, ಡಬ್ಬ ನಮ್ಮದು. ಅಲ್ಲಿ ಎಂತ ಕೊಟ್ರೂ ಎರಡೂ ಕೈಯಲ್ಲಿ ತಕಾ. ಟೀಚರ್ ಬ್ಯಾಡ ಹೇಳಿದ್ರೂ ತಕಾ. ಈ ಡಬ್ಬ ಖಾಲಿ ತಂದ್ರೆ ನೋಡು ಮತ್ತೆ.”