ಎಡಗೈ ಗಂಟು

ದೆವ್ವ, ಗಾಳಿ, ಸೋಕು ಇವನ್ನೆಲ್ಲ ನಾನು ಯಾವತ್ತೂ ನಂಬಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ "ಪಾಪ, ವಯಸ್ಸಾಯಿತು" ಎಂದು ಯಾರೂ ಕನಿಕರ ತೋರಿಸುವುದು ಬೇಡ. ನಾನು ಹುಟ್ಟಿದ್ದು ಹುಲಿಕೆರೆಯಲ್ಲಿ. ಮುಸ್ಸಂಜೆ ಹೊತ್ತು ಹೆಣ್ಣುಮಕ್ಕಳು ಕಲ್ಯಾಣಿಗೆ ಇಳಿಯಬಾರದು ಎಂದು ಹೆದರಿಸುತ್ತಿದ್ದವರ ಎದುರಿಗೇ ಇಳಿದು, ಕಾಲು ತೊಳೆದುಕೊಂಡು ಮೇಲೆ ಬರುತ್ತಿದ್ದೆ. ನನ್ನನ್ನು ಯಾವುದೂ ಹಿಡಿಯಲಿಲ್ಲ. ಮನೆಯಲ್ಲಿ ಬೈಗುಳ ಮಾತ್ರ ಸಿಗುತ್ತಿತ್ತು.

ಮದುವೆಯಾಗಿ ಬಂದದ್ದು ಅರಸೀಕೆರೆಗೆ, ಕೊಬ್ಬರಿ ವ್ಯಾಪಾರದ ಮನೆಗೆ. ಯಜಮಾನರು ಒಳ್ಳೆಯವರು, ಆದರೆ ಮಂಡಿ ಬಿಟ್ಟು ಕದಲದ ಜೀವ. ಕೇದಾರಕ್ಕೆ ಹೋಗೋಣ ಎಂದು ಕೇಳಿದಾಗಲೆಲ್ಲ "ಮುಂದಿನ ವರ್ಷ ನೋಡಾಣ" ಎನ್ನುತ್ತಿದ್ದರು. ತಮಾಷೆಯೆಂದರೆ, ನಮ್ಮ ಬಳಗದಲ್ಲಿ ಯಾರು ಎಲ್ಲಿಗೆ ಹೊರಟರೂ ಚೀಲ ಕಟ್ಟಿಕೊಡುತ್ತಿದ್ದವರು ಇವರೇ. ಒಂದು ದಿನಕ್ಕೆ ಬೇಕಾದ ಬಟ್ಟೆಯನ್ನು, ಒಳಬಟ್ಟೆ ಕಾಲುಚೀಲ ಸಮೇತ, ಒಂದೇ ಸುರುಳಿಯಾಗಿ ಬಿಗಿಯಾಗಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಗೋಣಿಚೀಲ ಹೊಲಿಯುವ ಸೆಣಬಿನ ದಾರದಿಂದ ಕಟ್ಟುತ್ತಿದ್ದರು. ಕೊಬ್ಬರಿಗೆ ತೇವ ತಾಗದಂತೆ ಕಾಯ್ದ ಕೈ ಅದು. ಅವರು ಎಡಚರು. ಹಾಗಾಗಿ ಗಂಟಿನ ಕುಣಿಕೆ ಎಡಕ್ಕೆ ಬೀಳುತ್ತಿತ್ತು. ಬಲಗೈಯವರು ಬಿಚ್ಚಲು ಹೋದರೆ ಗಂಟು ಇನ್ನಷ್ಟು ಬಿಗಿಯುತ್ತಿತ್ತು. ನಾನು ಎಷ್ಟು ಸಲ ನೋಡಿ ಕಲಿಯಲು ಹೋದರೂ ಆ ಗಂಟು ನನ್ನ ಕೈಗೆ ಹತ್ತಲಿಲ್ಲ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅದೇ ವರ್ಷ ದಸರಾ ಮುಗಿದ ಮೇಲೆ, ದೀಪಾವಳಿಗೆ ಕೇದಾರದ ಬಾಗಿಲು ಹಾಕುವ ಮೊದಲು, ನಮ್ಮ ಬೀದಿಯ ನಾಲ್ಕಾರು ಹೆಂಗಸರು ಹೊರಟರು. ನಾನೂ ಬರುತ್ತೇನೆಂದೆ. ಸಾವಾದ ಮನೆಯವರು ವರ್ಷ ತುಂಬುವವರೆಗೆ ಬೆಟ್ಟ ಹತ್ತಬಾರದು ಎಂದು ನೆಂಟರೆಲ್ಲ ಗದ್ದಲ ಮಾಡಿದರು. ಲಿಂಗ ಕಟ್ಟಿದ ನಮಗೆ ಸೂತಕವೇ ಇಲ್ಲ ಎಂದು ಮಠದ ಪ್ರವಚನದಲ್ಲಿ ಕೇಳಿ ತಲೆದೂಗುವವರೂ ಇವರೇ. ನನಗೆ ರೇಗಿತು. ಹೋಗಲೇಬೇಕು ಎನ್ನುವ ಹಟ ಅಲ್ಲಿಂದಲೇ ಗಟ್ಟಿಯಾಯಿತು.

ಹೊರಡುವ ಹಿಂದಿನ ಮಧ್ಯಾಹ್ನ ಬಟ್ಟೆ ತುಂಬಲು ಕೂತೆ. ಅಲ್ಲಿ ಮಳೆ ಹಿಡಿದಿದೆ, ಚಳಿಯೂ ಜೋರು ಎಂದು ಮೊದಲೇ ಹೋಗಿ ಬಂದವರು ಹೇಳಿದ್ದರು. ಸ್ವೆಟರು, ಶಾಲು, ಮಂಕಿ ಟೋಪಿ, ಉಣ್ಣೆಯ ಕಾಲುಚೀಲ, ಜನ್ಮದಲ್ಲೇ ತೊಡದ ಚೂಡಿದಾರಗಳು, ಎಲ್ಲವನ್ನೂ ಮಡಿಸಿ ಒಂದರ ಮೇಲೊಂದು ತುರುಕಿದೆ. ಬ್ಯಾಗಿನ ಜಿಪ್ಪು ಹಾಕಲು ಮೊಣಕಾಲು ಊರಬೇಕಾಯಿತು. ಮಳೆಕೋಟು ಮಾತ್ರ ಇರಲಿಲ್ಲ. ಬೀಗ ಹಾಕಿಕೊಂಡು ಪೇಟೆಗೆ ಹೋದೆ.

ಕೋಟು ಕೊಳ್ಳುವಷ್ಟರಲ್ಲಿ ಮಳೆ ಹಿಡಿಯಿತು. ನೆನೆದುಕೊಂಡು ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಬಾಣಾವರದಿಂದ ನನ್ನ ನಾದಿನಿ ಗಿರಿಜಾ ಬಂದು ಜಗಲಿಯ ಮೇಲೆ ಕೂತಿದ್ದಳು. ನನ್ನನ್ನು ತಡೆಯಲೆಂದೇ ಬಂದಿದ್ದಾಳೆ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. "ನೀವು ಆ ಕಡೆ ಹೋದ್ರಂತೆ, ಈ ಕಡೆಯಿಂದ ನಾನು ಬಂದೆ. ಆಗ್ಲಿಂದ ಕಾಯ್ತಾ ಕೂತಿವ್ನಿ" ಎಂದಳು. ಬೀಗ ತೆಗೆದು ಇಬ್ಬರೂ ಒಳಗೆ ಹೋದೆವು.

ಬ್ಯಾಗು ಇಟ್ಟಲ್ಲೇ ಇತ್ತು, ಆದರೆ ಜಿಪ್ಪು ತೆರೆದಿತ್ತು. ಒಳಗೆ ನಾನು ತುರುಕಿದ ಬಟ್ಟೆಯ ರಾಶಿ ಇರಲಿಲ್ಲ. ಅದೇ ಬಟ್ಟೆಗಳು ದಿನಕ್ಕೊಂದರಂತೆ ಸುರುಳಿಯಾಗಿ, ಪ್ಲಾಸ್ಟಿಕ್ಕಿನಲ್ಲಿ, ಸೆಣಬಿನ ದಾರದ ಕಟ್ಟಿನೊಂದಿಗೆ ಸಾಲಾಗಿ ಕೂತಿದ್ದವು. ಒಂದನ್ನು ಎತ್ತಿ ನೋಡಿದೆ. ಕುಣಿಕೆ ಎಡಕ್ಕಿತ್ತು.

ಮೊದಲು ನಾನು ಮಾಡಿದ್ದು ಹಿತ್ತಿಲ ಬಾಗಿಲು ನೋಡಿದ್ದು. ಅಗಳಿ ಒಳಗಿನಿಂದ ಹಾಕಿದ ಹಾಗೇ ಇತ್ತು. ಇನ್ನೊಂದು ಬೀಗದ ಕೈ ಬೀರುವಿನಲ್ಲಿತ್ತು. ನೆಲದ ಮೇಲೆ ನನ್ನ ಒದ್ದೆ ಹೆಜ್ಜೆ ಬಿಟ್ಟರೆ ಬೇರೆ ಇರಲಿಲ್ಲ. ಮಂಡಿ ಮುಚ್ಚಿದಾಗ ದಾರದ ಉಂಡೆಗಳನ್ನೆಲ್ಲ ಹಮಾಲಿಗಳಿಗೆ ಕೊಟ್ಟಿದ್ದೆ. ಮನೆಯಲ್ಲಿ ಒಂದು ಗೇಣು ದಾರವೂ ಇರಲಿಲ್ಲ.

ಗಿರಿಜಾ ಬಗ್ಗಿ ಕುಣಿಕೆ ನೋಡಿದಳು. "ಅತ್ತಿಗೆ, ಇದು ಅಣ್ಣಂದೇ ಕೈ. ಹೋಗ್ಬೇಡಿ. ಸತ್ತವ್ರು ಚೀಲ ಕಟ್ಟಿದ್ರೆ ಜೊತೇಲಿ ಕರ್ಕೊಂಡು ಹೋಗಕ್ ಬಂದವ್ರೆ ಅಂತ. ನೀವು ಆ ಬೆಟ್ಟದಿಂದ ವಾಪಸ್ ಬರಲ್ಲ."

"ಕರ್ಕೊಂಡು ಹೋಗೋರಾಗಿದ್ರೆ ಇಷ್ಟು ವರ್ಷದಲ್ಲಿ ಬೇಲೂರಿಗಾದ್ರೂ ಒಂದ್ಸಲ ಕರ್ಕೊಂಡು ಹೋಗ್ತಿದ್ರು ಕಣೇ" ಎಂದೆ.

ಹೇಳುವುದೇನೋ ಹೇಳಿದೆ. ಆದರೆ ಏಕೆ ಮುಚ್ಚಿಡಲಿ, ಅವಳು ಹೇಳಿದ್ದು ನಿಜವಾಗಿದ್ದರೆ ಎಂಬ ಯೋಚನೆ ಒಮ್ಮೆ ಬಂದೇ ಬಂತು. ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಅವರ ಮೇಲೆ. ಬದುಕಿದ್ದಾಗ ಮುಂದಿನ ವರ್ಷ, ಮುಂದಿನ ವರ್ಷ ಎಂದು ದಿನ ದೂಡಿದವರು ಈಗ ಬಂದು ಬಟ್ಟೆ ಸುತ್ತಿಟ್ಟು ಹೋದರೆ ನಾನೇನು ತಿಳಿಯಬೇಕು? ಹೋಗು ಎಂದೋ, ಬೇಡ ಎಂದೋ? ಬಾಯಿಬಿಟ್ಟು ಹೇಳುವ ಅಭ್ಯಾಸ ಅವರಿಗೆ ಆಗಲೂ ಇರಲಿಲ್ಲ. ಬೇಡ ಎನ್ನುವುದಾದರೂ ನಾನು ಹೋಗುವವಳೇ ಎಂದು ಗಿರಿಜಾಗೆ ಕೇಳುವಂತೆ, ಮನೆಗೂ ಕೇಳುವಂತೆ ಹೇಳಿದೆ. ಮಳೆಕೋಟನ್ನು ಮೇಲಿಟ್ಟು ಜಿಪ್ಪು ಎಳೆದೆ. ಈ ಸಲ ಮೊಣಕಾಲು ಊರಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ರೈಲು ಹತ್ತಿದೆ. ಗಿರಿಜಾ ಸ್ಟೇಷನ್ನಿಗೆ ಬಂದಳು, ಅಳುತ್ತಲೇ ಬುತ್ತಿ ಕೊಟ್ಟಳು.

ಬೆಟ್ಟ ಹತ್ತಿದೆ. ಏನೂ ಆಗಲಿಲ್ಲ. ಜೊತೆಯವರ ಬ್ಯಾಗುಗಳೆಲ್ಲ ನೆನೆದು, ಒದ್ದೆ ಸೀರೆಯಲ್ಲೇ ಅವರು ಗಡಗಡ ನಡುಗುವಾಗ ನನ್ನ ಸುರುಳಿಗಳು ಒಳಗೆ ಬೆಚ್ಚಗಿದ್ದವು. ಎಡಗೈಯಿಂದ ಎಳೆದೆಳೆದು ದಿನಕ್ಕೊಂದು ಬಿಚ್ಚಿದೆ. ಕೊನೆಗೆ ಒಂದು ಉಳಿಯಿತು. ಅದರಲ್ಲಿ ನನ್ನ ದಪ್ಪ ಸ್ವೆಟರ್ ಇತ್ತು. ದೇವಸ್ಥಾನದ ಮುಂದೆ ಚಳಿಗೆ ಹಲ್ಲು ಕಡಿಯುತ್ತ ನಿಂತಿದ್ದೆ, ಆದರೂ ಅದರ ದಾರಕ್ಕೆ ಕೈ ಹಾಕಲಿಲ್ಲ. ಪಕ್ಕದವರ ಶಾಲಿನ ಅರ್ಧ ಹೊದ್ದುಕೊಂಡೆ.

ಯಾರು ಕಟ್ಟಿದ್ದು ಎಂದು ಇವತ್ತಿಗೂ ಗೊತ್ತಿಲ್ಲ. ನಾನೇ ಕಟ್ಟಿ ಮರೆತೆ ಎನ್ನುವವರಿದ್ದಾರೆ. ಆ ಗಂಟು ನನ್ನ ಕೈಗೆ ಬರುವುದಿಲ್ಲ, ಬೇಕಾದರೆ ಬಂದು ಪರೀಕ್ಷೆ ಮಾಡಲಿ. ಕೊನೆಯ ಸುರುಳಿ ಹಾಗೇ ಬೀರುವಿನಲ್ಲಿದೆ. "ಬಿಚ್ಚಿ ಒಗೀರಿ ಅತ್ತಿಗೆ, ಮುಗ್ಗಲು ಹಿಡಿಯತ್ತೆ" ಎಂದು ಗಿರಿಜಾ ಬಂದಾಗಲೆಲ್ಲ ಹೇಳುತ್ತಾಳೆ. ಹೆದರಿ ಮುಟ್ಟುತ್ತಿಲ್ಲ ಎಂದು ಬೀದಿಯಲ್ಲಿ ಮಾತಿದೆ. ಆಡಿಕೊಳ್ಳಲಿ. ದೆವ್ವವಿಲ್ಲ ಎಂದು ಈಗಲೂ ಯಾರ ಎದುರು ಬೇಕಾದರೂ ವಾದಿಸುತ್ತೇನೆ. ಆ ಗಂಟನ್ನು ಬಿಚ್ಚು ಎಂದು ಮಾತ್ರ ನನಗೆ ಯಾರೂ ಹೇಳಬೇಡಿ. ಅವರು ಕಟ್ಟಿದ್ದು ಇನ್ನು ಅದೊಂದೇ ಉಳಿದಿರುವುದು.